ಅಂಥ ಹೊತ್ತಿನಲ್ಲಿ ನನಗೆ ಫೋನ್ ಮಾಡಬೇಡಿ

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ಕಾಯಿಲೆಯ ಸುತ್ತ ಇದ್ದವು. ಪಾರ್ಶ್ವವಾಯು, ಅಂದರೆ ನಮ್ಮ ಜನ ಲಕ್ವ, ಆಸ್ಪತ್ರೆಯವರು ಸ್ಟ್ರೋಕ್ ಎನ್ನುವ ಕಾಯಿಲೆ. ಹಾಗಾಗಿ ಪೂರ್ತಿ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಮೊಣಕಾಲು ನೋವಿನವರು, ಕೂದಲು ಉದುರುವವರು ಮುಂದಿನ ತಿಂಗಳವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ನನ್ನ ಯಜಮಾನರಿಗೆ 58 ವರ್ಷ. ಹೋದ ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಬಲಗೈಯಿಂದ ಲೋಟ ಜಾರಿ ಬಿತ್ತು. ಏನೋ ಹೇಳಲು ಹೋದರು, ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರ ಹಾಗೆ ಮಾತು ಬಂತು. ಹದಿನೈದು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಯಿತು. "ಗ್ಯಾಸ್ ಇರಬೇಕು" ಎಂದು ಎಂದಿನ ಫಾಸ್ಟ್ ಲೋಕಲ್ ಹಿಡಿದು ಕೆಲಸಕ್ಕೆ ಹೋದರು. ಡಾಕ್ಟರಿಗೆ ತೋರಿಸೋಣ ಎಂದರೆ ರೇಗುತ್ತಾರೆ. ಗಾಬರಿಪಡುವಂಥದ್ದು ಏನಾದರೂ ಇದೆಯೇ?
— ಗೃಹಿಣಿ, ಡೊಂಬಿವಲಿ ಪೂರ್ವ

ಉತ್ತರ: ತಾಯಿ, ನಿಮ್ಮ ಪತ್ರ ಅಂಚೆಯಲ್ಲಿ ಆರು ದಿನ ಪಯಣ ಮಾಡಿ ನನ್ನ ಕೈ ಸೇರಿತು. ಓದಿದ ತಕ್ಷಣ ನಾನೇ ಫೋನ್ ಮಾಡಿ ನಿಮ್ಮ ಮೇಲೆ ಕೂಗಾಡಿದ್ದು ನಿಮಗೆ ನೆನಪಿರಬಹುದು. ಕ್ಷಮೆ ಕೇಳುವುದಿಲ್ಲ. ಕೈಯಿಂದ ಲೋಟ ಬಿದ್ದ ಮನುಷ್ಯನನ್ನು ಡೊಂಬಿವಲಿಯ ಬೆಳಗಿನ ಲೋಕಲಿನಲ್ಲಿ, ಬಾಗಿಲ ಕಂಬಿ ಹಿಡಿದು ನಿಲ್ಲಲು ಕಳುಹಿಸಿದ್ದೀರಿ!

ಗ್ಯಾಸಿಗೆ ಕೈಯ ಬಲ ಕಸಿಯಲು ಬರುವುದಿಲ್ಲ, ನಾಲಗೆ ತೊದಲಿಸಲೂ ಬರುವುದಿಲ್ಲ. ನಮ್ಮ ಜನರ ಶರೀರದಲ್ಲಿ ನಡೆಯುವುದೆಲ್ಲವೂ ಒಂದೋ ಗ್ಯಾಸಿನಿಂದ, ಇಲ್ಲವೇ ಪಿತ್ತದಿಂದ. ಇದಕ್ಕೆ ಮದ್ದನ್ನು ನಾನು ನಲವತ್ತು ವರ್ಷಗಳಿಂದ ಹುಡುಕುತ್ತಿದ್ದೇನೆ. ನಿಮ್ಮ ಯಜಮಾನರಿಗೆ ಆದದ್ದು ಇಷ್ಟು: ಮಿದುಳಿನ ಎಡಭಾಗಕ್ಕೆ ಹೋಗುವ ರಕ್ತ ಸ್ವಲ್ಪ ಹೊತ್ತು ತಡೆಯಿತು, ಮತ್ತೆ ಹರಿಯಿತು. ಎಡ ಮಿದುಳು ಬಲಗೈಯನ್ನು ನಡೆಸುತ್ತದೆ, ಹೆಚ್ಚಿನವರಲ್ಲಿ ಮಾತಿನ ಯಜಮಾನಿಕೆಯೂ ಅದರದ್ದೇ. ಅದಕ್ಕೇ ಕೈ ಮತ್ತು ಮಾತು ಜೊತೆಯಾಗಿ ಕೈಕೊಟ್ಟವು. ಇದನ್ನು ನಾವು ಟಿ.ಐ.ಎ. ಎನ್ನುತ್ತೇವೆ, ಜನ "ಸಣ್ಣ ಲಕ್ವ" ಎನ್ನುತ್ತಾರೆ. ಹೆಸರಿನಲ್ಲಿ ಸಣ್ಣ ಇದೆ ಎಂದು ಮೋಸಹೋಗಬೇಡಿ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಇಂಥವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂರು ತಿಂಗಳೊಳಗೆ ದೊಡ್ಡದು ಬರುತ್ತದೆ, ಅದರಲ್ಲಿ ಅರ್ಧದಷ್ಟು ಮಂದಿಗೆ ಮೊದಲ ಎರಡು ದಿನಗಳಲ್ಲೇ. ನೀವು ಆ ಎರಡು ದಿನಗಳನ್ನು ಅಂಚೆ ಡಬ್ಬಿಗೆ ಹಾಕಿದಿರಿ.

ನಿಮ್ಮ ಅನುಮತಿಯಿಂದ ಉಳಿದದ್ದನ್ನೂ ಓದುಗರಿಗೆ ಹೇಳುತ್ತೇನೆ. ಅವರನ್ನು ಅಂದೇ ಆಸ್ಪತ್ರೆಗೆ ಸೇರಿಸಿದರು. ಕತ್ತಿನ ಎಡಭಾಗದ ರಕ್ತನಾಳ ಒಳಗಡೆ ಕೊಬ್ಬು ಕಟ್ಟಿ ಸಪೂರವಾಗಿತ್ತು. ಹೆಪ್ಪು ತಡೆಯುವ ಮಾತ್ರೆ, ಕೊಬ್ಬಿನ ಮಾತ್ರೆ ಶುರುವಾಗಿವೆ, ಕತ್ತಿನ ನಾಳದ ಶಸ್ತ್ರಚಿಕಿತ್ಸೆಯ ಮಾತೂ ನಡೆದಿದೆ. ಮನುಷ್ಯ ಈಗಲೂ ಗ್ಯಾಸ್ ಎಂದೇ ಹೇಳುತ್ತಿದ್ದಾರಂತೆ. ಹೇಳಲಿ ಬಿಡಿ, ಮಾತ್ರೆ ನುಂಗಿದರೆ ಸಾಕು.

ಪ್ರಶ್ನೆ: ಘಾಟ್ಕೋಪರಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದೇನೆ. ನಮ್ಮ ದೋಸೆ ಭಟ್ಟರು ಸಂಜೆಯ ರಶ್ಶಿನಲ್ಲಿ ಕಲ್ಲಿನ ಮುಂದೆಯೇ ವಾಲಿ ಕುಸಿದರು. ಸೆಕೆಗೆ ತಲೆಸುತ್ತು ಎಂದುಕೊಂಡು ಹುಡುಗರು ಮಲಗಿಸಿ ನಿಂಬೆ ಶರಬತ್ತು ಕುಡಿಸಿದರು, ಅದು ಗಂಟಲಿಗೆ ಸಿಕ್ಕಿ ಕೆಮ್ಮಿ ಕೆಮ್ಮಿ ಸುಸ್ತಾದರು. ಗಿರಾಕಿಗಳು ಹೋದ ಮೇಲೆ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಒಯ್ದೆವು. ಈಗ ಊರಿನಲ್ಲಿದ್ದಾರೆ, ಕಾಲು ಎಳೆಯುತ್ತಾರೆ. ಇನ್ನೊಮ್ಮೆ ಹೀಗಾದರೆ ನಮ್ಮಂಥವರಿಗೆ ಗುರುತಿಸುವುದು ಹೇಗೆ?
— ಹೋಟೆಲ್ ಉದ್ಯೋಗಿ, ಘಾಟ್ಕೋಪರ್

ಉತ್ತರ: ನೀವು ತಪ್ಪನ್ನು ಮುಚ್ಚಿಡದೆ ಬರೆದದ್ದಕ್ಕೆ ಮೊದಲು ವಂದನೆ. ನನ್ನ ತಪ್ಪನ್ನೂ ಮುಂದೆ ಹೇಳುವವಳಿದ್ದೇನೆ.

ನಿಮ್ಮ ಹುಡುಗರಿಗೆ ಮೂರು ಮಾತು ಕಲಿಸಿ: ನಗು, ಕೈ, ಮಾತು. ಹಲ್ಲು ಕಾಣುವಂತೆ ನಗಲು ಹೇಳಿ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆಯೇ ನೋಡಲಿ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಕಣ್ಣು ಮುಚ್ಚಿ ಹತ್ತು ಎಣಿಸುವವರೆಗೆ ಹಿಡಿಯಲು ಹೇಳಿ, ಒಂದು ಕೈ ತಾನಾಗಿ ಕೆಳಗಿಳಿಯುತ್ತದೆಯೇ ನೋಡಲಿ. ಆಮೇಲೆ ಮಾತನಾಡಿಸಲಿ: ಇವತ್ತು ಯಾವ ವಾರ, ಬೆಳಗಿನ ತಿಂಡಿ ಏನು. ತೊದಲುವುದು ಮಾತ್ರ ಲಕ್ಷಣವಲ್ಲ. ಸ್ಪಷ್ಟವಾಗಿಯೇ ಅರ್ಥವಿಲ್ಲದ ಮಾತಾಡುವುದು, ನಾವು ಹೇಳಿದ್ದು ತಿಳಿಯದೆ ಮುಖ ನೋಡುವುದು, ಇವೂ ಅದೇ. ಮುಲುಂಡಿನಲ್ಲಿ ಒಬ್ಬ ಮಹನೀಯರು ತಮ್ಮ ಭಾವನಿಗೆ "ಕಪ್ಪು ಕುಂಕುಮ ಕೆಂಪು ಕುಂಕುಮ" ಹೇಳಿಸಿ ಪರೀಕ್ಷೆ ಮಾಡಿದ್ದರಂತೆ. ಅದು ನನಗೇ ಸರಿಯಾಗಿ ಹೇಳಲು ಬರುವುದಿಲ್ಲ.

ಮೂರರಲ್ಲಿ ಒಂದು ಎಡವಿದರೂ ಸಾಕು, ಉಳಿದ ಎರಡಕ್ಕೆ ಕಾಯಬಾರದು. ಇವಲ್ಲದೆ ಇನ್ನೂ ಕೆಲವಿವೆ: ಒಂದು ಕಣ್ಣಿನ ಅಥವಾ ನೋಟದ ಒಂದು ಬದಿಯ ದೃಷ್ಟಿ ಹೋಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯಲು ಹೋದರೆ ಒಂದು ಕಡೆಗೆ ವಾಲುವುದು, ಜನ್ಮದಲ್ಲಿ ಕಾಣದಂಥ ತಲೆನೋವು ಸಿಡಿಲಿನ ಹಾಗೆ ಬರುವುದು. ಎಲ್ಲಕ್ಕೂ ಸಮಾನವಾದದ್ದು ಏಕಾಏಕಿ ಎಂಬ ಗುಣ. ಲೋಕಲಿನಲ್ಲಿ ನೇತಾಡಿ ನೇತಾಡಿ ವರ್ಷಗಟ್ಟಲೆ ಜೋಮು ಹಿಡಿಯುತ್ತಿರುವ ಕೈ ಬೇರೆ, ಐದು ನಿಮಿಷದ ಹಿಂದೆ ದೋಸೆ ಮಗುಚುತ್ತಿದ್ದ ಕೈ ಸೌಟು ಬಿಟ್ಟದ್ದು ಬೇರೆ.

ಶರಬತ್ತಿನ ವಿಷಯ. ಈ ಕಾಯಿಲೆಯಲ್ಲಿ ನುಂಗುವ ಶಕ್ತಿಯೂ ಕೆಡಬಹುದು. ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಹಾಗಾಗಿ ನೀರಿಲ್ಲ, ಚಹಾ ಇಲ್ಲ, ಮಾತ್ರೆಯಂತೂ ಇಲ್ಲವೇ ಇಲ್ಲ. ವಾಂತಿ ಬರುವಂತಿದ್ದರೆ ಅಥವಾ ಎಚ್ಚರ ತಪ್ಪುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಸಕ್ಕರೆ ಕಾಯಿಲೆಯವರಾಗಿದ್ದು ಬೆರಳು ಚುಚ್ಚಿ ನೋಡುವ ಯಂತ್ರ ಕೈಗೆಟಕುವಲ್ಲಿದ್ದರೆ ಶುಗರ್ ನೋಡಿ, ಏಕೆಂದರೆ ಸಕ್ಕರೆ ತೀರಾ ಇಳಿದಾಗಲೂ ಇದೇ ವೇಷ ಕಾಣಿಸುತ್ತದೆ. ಆದರೆ ಯಂತ್ರ ಹುಡುಕುತ್ತಾ ಕೂರಬೇಡಿ.

ಇನ್ನೊಂದು ಮಾತು, ಇದು ಮುಂಬಯಿಯವರಿಗಾಗಿಯೇ. ನಮ್ಮ ಹೋಟೆಲು ಹುಡುಗರಲ್ಲಿ, ವಿಜಯಪುರ-ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಎಷ್ಟೋ ಮಂದಿಗೆ ಹಿಂದಿ, ಮರಾಠಿ ಅರೆಬರೆ. ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು "ಹಾತ್ ಉಠಾವೊ" ಎನ್ನುತ್ತಾನೆ, ರೋಗಿ ಪಿಳಿಪಿಳಿ ನೋಡುತ್ತಾನೆ. ಭಾಷೆ ಬರದೆ ಹಾಗೆ ನೋಡುತ್ತಿದ್ದಾನೋ, ಮಿದುಳು ಕೆಟ್ಟು ನೋಡುತ್ತಿದ್ದಾನೋ ಆ ಡಾಕ್ಟರಿಗೆ ತಿಳಿಯುವುದು ಹೇಗೆ? ತುಳು ಮಾತಾಡುವವನ ಜೊತೆ ತುಳು ಬಲ್ಲವನೊಬ್ಬ ಹೋಗಲೇಬೇಕು. ಆ ಜೊತೆಗಾರನೇ ಅವನು ಎಷ್ಟು ಗಂಟೆಗೆ ಕುಸಿದ ಎಂಬುದನ್ನೂ ಹೇಳಬಲ್ಲವನಾಗಿದ್ದರೆ ಅರ್ಧ ಕೆಲಸ ಆದಂತೆ. ಗಲ್ಲಾದಲ್ಲಿ ಕುಳಿತ ನಿಮಗೆ ಬಿಲ್ಲಿನ ಮೇಲೆ ಹೊತ್ತು ನೋಡುವ ಅಭ್ಯಾಸ ಇದ್ದೇ ಇದೆ. ಒಂದು ಬಿಲ್ಲಿನ ಹಿಂದೆ ಸಮಯ ಬರೆದು ಅವನ ಜೇಬಿಗೆ ತುರುಕಿ.

ಪ್ರಶ್ನೆ: ಪಾರ್ಶ್ವವಾಯು ಬಡಿದಾಗ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಬಿಟ್ಟರೆ ಬದುಕುತ್ತಾರೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ?
— ಓದುಗ, ಚಿಂಚವಾಡ, ಪುಣೆ

ಉತ್ತರ: ಸುಳ್ಳು. ಸೂಜಿ ಹುಡುಕಲು ಐದು ನಿಮಿಷ, ಹತ್ತು ಬೆರಳಿಗೆ ಹತ್ತು ನಿಮಿಷ, ರಕ್ತ ಬರಲಿಲ್ಲವೆಂದು ಮತ್ತೆ ಐದು. ಮಿದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕ ಹಾಕಿದ್ದಾರೆ, ಇಪ್ಪತ್ತರಿಂದ ಗುಣಿಸಿಕೊಳ್ಳಿ. ಪಾರಿವಾಳದ ರಕ್ತ ಸವರುವವರಿಗೂ ಇದೇ ಉತ್ತರ. ಪಾರಿವಾಳವಾದರೂ ಬದುಕಿಕೊಳ್ಳಲಿ.

ಪ್ರಶ್ನೆ: ನಮ್ಮ ತಾಯಿ ರಾತ್ರಿ ಹತ್ತಕ್ಕೆ ಊಟ ಮಾಡಿ ಮಲಗಿದವರು ಬೆಳಿಗ್ಗೆ ಆರಕ್ಕೆ ಏಳುವಾಗ ಎಡಗೈ ಎಡಗಾಲು ಬಿದ್ದುಹೋಗಿದ್ದವು. ಆರೂವರೆಗೆಲ್ಲ ಆಸ್ಪತ್ರೆಯಲ್ಲಿದ್ದೆವು. ಆದರೂ "ತಡವಾಗಿದೆ, ಆ ಚುಚ್ಚುಮದ್ದು ಕೊಡಲಾಗದು" ಎಂದರು. ಸಿ.ಟಿ. ಸ್ಕ್ಯಾನ್ ನಾರ್ಮಲ್ ಎಂದು ಬರೆದು, ಬಾಯಲ್ಲಿ ಸ್ಟ್ರೋಕ್ ಎಂದು ಹೇಳಿದರು. ನಮಗೆ ಮೋಸ ಮಾಡಿದರೇ?
— ಮಗ, ನಾಲಾಸೋಪಾರಾ

ಉತ್ತರ: ಅರ್ಧ ಗಂಟೆಯಲ್ಲಿ ತಲುಪಿಸಿದ ಮಗನಿಗೆ ತಡವಾಯಿತು ಎಂದರೆ ಹೊಟ್ಟೆ ಉರಿಯುವುದು ಸಹಜ. ಆದರೆ ಮೋಸ ಎಂದು ನನಗೆ ಅನ್ನಿಸುವುದಿಲ್ಲ.

ಈ ಕಾಯಿಲೆಯಲ್ಲಿ ಗಡಿಯಾರ ಶುರುವಾಗುವುದು ನಾವು ನೋಡಿದಾಗ ಅಲ್ಲ, ರೋಗಿ ಕೊನೆಯ ಸಲ ಸರಿಯಾಗಿದ್ದಾಗ. ನಿಮ್ಮ ತಾಯಿ ಕೊನೆಯದಾಗಿ ಸರಿಯಿದ್ದದ್ದು ರಾತ್ರಿ ಹತ್ತಕ್ಕೆ, ಹಾಗಾಗಿ ಲೆಕ್ಕದಲ್ಲಿ ಎಂಟೂವರೆ ಗಂಟೆ ಕಳೆದಿತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಮೇಲೆ ಗುಣ ಕಡಿಮೆಯಾಗುತ್ತಾ ಮಿದುಳಿನಲ್ಲಿ ರಕ್ತ ಸೋರುವ ಅಪಾಯ ಮೇಲಾಗುತ್ತದೆ. ಅವರು ನಡುವೆ ನೀರು ಕುಡಿಯಲು ಎದ್ದಿದ್ದರೇ, ಸೊಸೆಯ ಜೊತೆ ಮಾತಾಡಿದ್ದರೇ? ನಾಲ್ಕು ಗಂಟೆಗೆ ಬಚ್ಚಲಿಗೆ ತಾವಾಗಿ ನಡೆದು ಹೋಗಿದ್ದನ್ನು ಯಾರಾದರೂ ಕಂಡಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು. ಮನೆಯವರು ಗಾಬರಿಯಲ್ಲಿ ಇದನ್ನು ಹೇಳುವುದನ್ನು ಮರೆಯುತ್ತಾರೆ, ಗಡಿಬಿಡಿಯಲ್ಲಿ ಆಸ್ಪತ್ರೆಯವರೂ ಕೆದಕಿ ಕೇಳುವುದಿಲ್ಲ. ಕೆಲವು ಕಡೆ ಎಂ.ಆರ್.ಐ. ನೋಡಿ, ನಿದ್ದೆಯಲ್ಲಿ ಆದ ಸ್ಟ್ರೋಕ್ ಹೊಸದೋ ಹಳೆಯದೋ ಎಂದು ಅಳೆದು ಕೊಡುವುದೂ ಉಂಟು. ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ಸಂದಿಯಿಂದ ಸಪೂರ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನ 2015ರ ನಂತರ ಗಟ್ಟಿಯಾಗಿ ಬಂದಿದೆ; ಅದಕ್ಕೆ ಆರು ಗಂಟೆ, ಆಯ್ದ ಕೆಲವರಿಗೆ 24 ಗಂಟೆಯವರೆಗೂ ಅವಕಾಶವಿದೆ. ಹಾಗಾಗಿ ಹೊತ್ತು ಮೀರಿತು ಎಂದು ಮನೆಯಲ್ಲೇ ಉಳಿಯುವುದು ಮಾತ್ರ ಕೂಡದು.

ಸಿ.ಟಿ.ಯ ವಿಷಯ. ಸ್ಟ್ರೋಕ್ ಎರಡು ಬಗೆ: ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುವುದು, ಇಲ್ಲವೇ ನಾಳ ಒಡೆದು ರಕ್ತ ಸೋರುವುದು. ಹೆಪ್ಪಿನಿಂದ ಆದ ಸ್ಟ್ರೋಕ್ ಮೊದಲ ಕೆಲವು ಗಂಟೆ ಸಿ.ಟಿ.ಯಲ್ಲಿ ಕಾಣದೇ ಇರಬಹುದು. ರಕ್ತ ಸೋರಿದ್ದರೆ ಮಾತ್ರ ಕೂಡಲೇ ಬೆಳ್ಳಗೆ ಕಾಣುತ್ತದೆ. ತುರ್ತಾಗಿ ಸಿ.ಟಿ. ಮಾಡಿಸುವುದು ಮುಖ್ಯವಾಗಿ ಸೋರಿಕೆ ಇಲ್ಲ ಎಂದು ಖಾತರಿ ಮಾಡಿಕೊಳ್ಳಲು. ಹೆಪ್ಪು ಮತ್ತು ಸೋರಿಕೆ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಔಷಧಗಳು ಒಂದಕ್ಕೊಂದು ವಿರುದ್ಧ. ಅದಕ್ಕೇ ಸ್ಕ್ಯಾನಿಗೆ ಮೊದಲು ಮನೆಯಲ್ಲಿ ಆಸ್ಪಿರಿನ್ ಕೊಡಬಾರದು ಎನ್ನುವುದು. ಎದೆನೋವಿಗೆ ಕೊಡುತ್ತಾರಲ್ಲ ಎಂದು ಇಲ್ಲಿಗೂ ತರಬೇಡಿ.

ಪ್ರಶ್ನೆ: ಇಂಥದ್ದು ಆದಾಗ ಮೊದಲು ಯಾರಿಗೆ ಫೋನ್ ಮಾಡಬೇಕು? ನಮ್ಮದು ನಾಲ್ಕನೆಯ ಮಹಡಿ, ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ. ಫ್ಯಾಮಿಲಿ ಡಾಕ್ಟರು ಎದುರಿಗೇ ಇದ್ದಾರೆ, ಅವರನ್ನು ಕರೆದು ತೋರಿಸಿ ಹೋಗುವುದು ಒಳ್ಳೆಯದಲ್ಲವೇ?
— ನಿವೃತ್ತ ಶಿಕ್ಷಕ, ಮುಲುಂಡ್

ಉತ್ತರ: ಒಳ್ಳೆಯದಲ್ಲ, ಗುರುಗಳೇ. ನಾನೇ ಫ್ಯಾಮಿಲಿ ಡಾಕ್ಟರು, ನಾನೇ ಹೇಳುತ್ತಿದ್ದೇನೆ.

2009ರ ಒಂದು ಶನಿವಾರ ಸಂಜೆ. ನನ್ನ ದವಾಖಾನೆ ಆಗ ಮೊದಲ ಮಹಡಿಯಲ್ಲಿತ್ತು. ಐವತ್ತರ ಆಸುಪಾಸಿನ ಗುಮಾಸ್ತರೊಬ್ಬರನ್ನು ಇಬ್ಬರು ಹೆಗಲು ಕೊಟ್ಟು ಮೆಟ್ಟಿಲು ಹತ್ತಿಸಿ ತಂದರು. ಕೆಳಗೆ ರಿಕ್ಷಾ ನಿಂತೇ ಇತ್ತು. ಹೊರಗೆ ಹದಿನಾಲ್ಕು ಮಂದಿ ಕಾಯುತ್ತಿದ್ದರು, ಕಾಂಪೌಂಡರ್ ಇವರಿಗೂ ಟೋಕನ್ ಕೊಟ್ಟು ಕೂರಿಸಿದ. ಅವರ ಬಾಯಿ ಸೊಟ್ಟಗಾಗಿದ್ದನ್ನು ಯಾರೋ ಮುದುಕಿ ನೋಡಿ ಕೂಗಿದ ಮೇಲೆ ನಾನು ಎದ್ದು ಬಂದೆ. ಬಿ.ಪಿ. 200ರ ಮೇಲಿತ್ತು. ನಾಲಗೆಯ ಅಡಿಗೆ ಬಿ.ಪಿ. ಇಳಿಸುವ ಕ್ಯಾಪ್ಸೂಲ್ ಹಿಂಡಿದೆ, ಆಗ ಎಲ್ಲರೂ ಹಿಂಡುತ್ತಿದ್ದೆವು. ಅರ್ಧ ಗಂಟೆ ಮಲಗಿಸಿ ಮತ್ತೆ ನೋಡಿದೆ, ಇಳಿದಿತ್ತು, ಸಮಾಧಾನಪಟ್ಟೆ. ಸುಂದರವಾದ ಅಕ್ಷರದಲ್ಲಿ ಪತ್ರ ಬರೆದು ಆಸ್ಪತ್ರೆಗೆ ಕಳುಹಿಸಿದೆ. ಮೊದಲಿನಿಂದ ಕೊನೆಯವರೆಗೆ ತಪ್ಪು. ನಾಳ ಕಟ್ಟಿಕೊಂಡ ಮಿದುಳು ಆ ಏರಿದ ಒತ್ತಡದಿಂದಲೇ ಅಕ್ಕಪಕ್ಕದ ಸಣ್ಣ ನಾಳಗಳ ಮೂಲಕ ಅಷ್ಟಿಷ್ಟು ರಕ್ತ ಎಳೆದುಕೊಳ್ಳುತ್ತಿರುತ್ತದೆ. ಒಮ್ಮೆಲೇ ಇಳಿಸಿದರೆ ಅದೂ ಹೋಯಿತು. ಯಾವಾಗ, ಎಷ್ಟು ಇಳಿಸಬೇಕು ಎಂಬುದು ಸ್ಕ್ಯಾನ್ ನೋಡಿದವರ ಕೆಲಸ.

ನಾನು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ್ದು 1981ರಲ್ಲಿ. ಆಗ ಲಕ್ವದ ರೋಗಿಗೆ ಹಾಸಿಗೆ ಹಿಡಿಸುವುದು, ಮೂಗಿನ ನಳಿಗೆ ಹಾಕುವುದು, ಮನೆಯವರಿಗೆ ಧೈರ್ಯ ಹೇಳುವುದು, ಇಷ್ಟೇ ಚಿಕಿತ್ಸೆ. ಹೆಪ್ಪು ಕರಗಿಸುವ ಮದ್ದು ಕೆಲಸ ಮಾಡುತ್ತದೆಂದು ತೋರಿಸಿದ ದೊಡ್ಡ ಅಧ್ಯಯನ ಬಂದದ್ದು 1995ರಲ್ಲಿ. ಅವಸರವೇ ಬೇಕಿಲ್ಲದ ಕಾಯಿಲೆ ಎಂದು ಕಲಿತ ಕೈಗಳಿಗೆ ಅವಸರ ಕಲಿಸುವುದು ಕಷ್ಟ, ನನ್ನ ವಯಸ್ಸಿನ ಡಾಕ್ಟರುಗಳಲ್ಲಿ ಇನ್ನೂ ಕೆಲವರಿಗೆ ಕಷ್ಟವಾಗಿಯೇ ಇದೆ. ಆ ಗುಮಾಸ್ತರ ಬಲಗೈ ಮರಳಲಿಲ್ಲ. ಎಡಗೈಯಲ್ಲಿ ಮಾಡಿದ ಸಹಿ ಹೊಂದುತ್ತಿಲ್ಲವೆಂದು ಅವರ ಸ್ವಂತ ಹಣಕ್ಕೆ ಬ್ಯಾಂಕಿನವರು ಮೂರು ತಿಂಗಳು ಓಡಾಡಿಸಿದರು. ಆ ಓಡಾಟದಲ್ಲಿ ಒಂದು ಪಾಲು ನನ್ನದೆಂದು ನಾನು ಇಂದಿಗೂ ಎಣಿಸುತ್ತೇನೆ.

ಹಾಗಾಗಿ ಮೊದಲ ಫೋನ್ 108ಕ್ಕೆ. ಮಗನಿಗಲ್ಲ, ಸೊಸೈಟಿಯ ಸೆಕ್ರೆಟರಿಗಲ್ಲ, ನನಗಂತೂ ಅಲ್ಲ. 112 ಕೂಡ ನಡೆಯುತ್ತದೆ, ರೈಲಿನಲ್ಲಿದ್ದರೆ 139. ಎರಡನೆಯ ಫೋನ್ ಆಸ್ಪತ್ರೆಗೆ, ಮೂರೇ ಪ್ರಶ್ನೆ: ಸಿ.ಟಿ. ಈಗ ನಡೆಯುತ್ತಿದೆಯೇ, ಹೆಪ್ಪು ಕರಗಿಸುವ ಚುಚ್ಚುಮದ್ದು ಈಗ ಕೊಡುವಿರಾ, ಕೊಡುವ ಡಾಕ್ಟರು ಇದ್ದಾರೆಯೇ. ಇಲ್ಲ ಎಂದರೆ ಹತ್ತಿರವಿದ್ದರೂ ಅಲ್ಲಿಗೆ ಹೋಗಬೇಡಿ. ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದು, ಅಲ್ಲಿ ಡಿಪಾಸಿಟ್ ಕಟ್ಟಿ, ಅಲ್ಲಿಂದ ಇನ್ನೊಂದಕ್ಕೆ ಒಯ್ಯುವುದರಲ್ಲೇ ಈ ಊರಿನ ಎಷ್ಟೋ ನಾಲ್ಕೂವರೆ ಗಂಟೆಗಳು ಕರಗುತ್ತವೆ. ಆದ್ದರಿಂದ ಈ ಪ್ರಶ್ನೆಗಳನ್ನು ಎಲ್ಲರೂ ಗಟ್ಟಿಮುಟ್ಟಾಗಿರುವ ಈ ಭಾನುವಾರವೇ ಕೇಳಿ, ಎರಡು ಆಸ್ಪತ್ರೆಗಳ ಹೆಸರು, ನಂಬರು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಒಂದು ದಕ್ಷಿಣ ದಿಕ್ಕಿನದು, ಒಂದು ಥಾಣೆ ದಿಕ್ಕಿನದು ಇರಲಿ. ಸಂಜೆ ಆರರ ರಸ್ತೆ ಯಾವ ಕಡೆ ಬಿಡುತ್ತದೆಂದು ಹೇಳಲಾಗದು.

ಆಂಬುಲೆನ್ಸ್ ತಡ ಎಂದರೆ ಟ್ಯಾಕ್ಸಿ, ಪಕ್ಕದ ಮನೆಯವರ ಕಾರು, ಏನು ಸಿಕ್ಕಿದರೂ ಸರಿ. ರಿಕ್ಷಾ ಹಿಡಿಯುವುದಾದರೆ ಅದು ಬಾಂದ್ರಾ, ಸಾಯನ್ ದಾಟಿ ಕೆಳಗೆ ಹೋಗುವಂತಿಲ್ಲ ಎಂಬುದು ನೆನಪಿರಲಿ, ಅರ್ಧ ದಾರಿಯಲ್ಲಿ ರೋಗಿಯನ್ನು ಇಳಿಸಿ ಹತ್ತಿಸುವ ಪಾಡು ಬೇಡ. ನಿಮ್ಮ ಲಿಫ್ಟಿಗೆ ಉಪಾಯ: ಹಿಡಿಕೆ ಇರುವ ಗಟ್ಟಿಯಾದ ಪ್ಲಾಸ್ಟಿಕ್ ಕುರ್ಚಿ, ಪಂಚೆಯಿಂದ ಎದೆಗೆ ಒಂದು ಸುತ್ತು. ಎಚ್ಚರವಿರುವ ರೋಗಿಯನ್ನು ಹಾಗೆ ಇಳಿಸಬಹುದು. ಬಿದ್ದ ಕಡೆಯ ಕೈಯನ್ನು ಹಿಡಿದು ಎಳೆಯಬೇಡಿ, ಭುಜ ಕಳಚುತ್ತದೆ. ಮಾತ್ರೆಗಳ ಡಬ್ಬಿಯನ್ನು ಇಡಿಯಾಗಿ ಜೊತೆಗೆ ಒಯ್ಯಿರಿ. ಅದರಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಆ ಚುಚ್ಚುಮದ್ದಿನ ನಿರ್ಧಾರವೇ ಬದಲಾಗಬಹುದು.

ಪ್ರಶ್ನೆ: ಬಿ.ಪಿ. 120/80ಕ್ಕೆ ಬಂದಿದೆ. ಮಾತ್ರೆ ನಿಲ್ಲಿಸಲೇ?
— ಓದುಗ, ವಾಸ್ಕೋ, ಗೋವಾ

ಉತ್ತರ: ಬಂದಿರುವುದು ಮಾತ್ರೆಯಿಂದ. ಕೊಡೆ ಹಿಡಿದು ನಡೆಯುತ್ತಾ, ನೆನೆಯುತ್ತಿಲ್ಲವಲ್ಲ ಎಂದು ಕೊಡೆ ಮಡಚುತ್ತೀರಾ? ಗೋವೆಯ ಮಳೆಯಲ್ಲಿ? ಮೇಲಿನ ಉತ್ತರದಲ್ಲಿ ನಾನು ಬೈದದ್ದು ಲಕ್ವ ಬಡಿದ ಹೊತ್ತಿನಲ್ಲಿ ಕೊಟ್ಟ ಮಾತ್ರೆಯನ್ನು. ದಿನವೂ ತಪ್ಪದೆ ನುಂಗುವ ಮಾತ್ರೆಯೇ ಅದು ಬಾರದಂತೆ ಕಾಯುವುದು. ನಾಡಿ ಹಿಡಿದು ನೋಡುವ ಅಭ್ಯಾಸವೂ ಇರಲಿ. ಬಡಿತ ತಾಳತಪ್ಪಿ ಓಡುತ್ತಿದ್ದರೆ ಇ.ಸಿ.ಜಿ. ಮಾಡಿಸಿ, ಹೃದಯದ ಮೇಲಿನ ಕೋಣೆ ಅದುರುವ ಆ ದೋಷ ಪಾರ್ಶ್ವವಾಯುವಿನ ಸಂಭವವನ್ನು ಐದು ಪಟ್ಟು ಏರಿಸುತ್ತದೆ, ಅದಕ್ಕೆ ಮದ್ದಿದೆ.

ಪ್ರಶ್ನೆ: ನನಗೆ 71. ಒಬ್ಬಳೇ ಇದ್ದೇನೆ, ಮಗಳು ದೂರ ದೇಶದಲ್ಲಿದ್ದಾಳೆ. ನನಗೇ ಹೀಗಾಗಿ ಮಾತು ನಿಂತುಹೋದರೆ ಫೋನಿನಲ್ಲಿ ಏನು ಹೇಳಲಿ?
— ಓದುಗರು, ಮೀರಾ ರೋಡ್

ಉತ್ತರ: ಅಕ್ಕ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನೂ ಒಬ್ಬಳೇ ಇರುವವಳು.

ಮಾತು ನಿಂತರೂ ಒಂದು ಕೈ ಸಾಮಾನ್ಯವಾಗಿ ಉಳಿದಿರುತ್ತದೆ. ಮೊಬೈಲಿನ ತುರ್ತು ಕರೆಯ ಸೌಲಭ್ಯವನ್ನು ಯಾರಿಂದಲಾದರೂ ಸರಿಪಡಿಸಿಕೊಂಡು, ಎಡಗೈಯಿಂದಲೂ ಬಲಗೈಯಿಂದಲೂ ಒತ್ತಿ ರೂಢಿ ಮಾಡಿಕೊಳ್ಳಿ. ಎದುರು ಮನೆಯವರ ಜೊತೆ ಒಂದು ಒಪ್ಪಂದ ಇರಲಿ: ನಿಮ್ಮ ನಂಬರಿನಿಂದ ಕರೆ ಬಂದು ಯಾರೂ ಮಾತಾಡದಿದ್ದರೆ ತಪ್ಪಿ ಒತ್ತಿರಬೇಕು ಎಂದುಕೊಳ್ಳದೆ ಅವರು ಬಾಗಿಲಿಗೆ ಬರಬೇಕು. ಮೊಬೈಲನ್ನು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಬೇಡಿ, ಬಚ್ಚಲಿಗೆ ಹೋಗುವಾಗಲೂ ಬಿಟ್ಟು ಹೋಗಬೇಡಿ. ಬಾಗಿಲಿಗೆ ಲ್ಯಾಚ್ ಸಾಕು, ಒಳಗಿನ ಚಿಲಕ ಬೇಡ. ಕಳ್ಳರ ಭಯಕ್ಕೆ ಮೇಲೆ ಕೆಳಗೆ ಚಿಲಕ ಹಾಕಿಕೊಂಡವರ ಬಾಗಿಲು ಒಡೆಯಲು ಬಡಗಿಯನ್ನು ಹುಡುಕಿದ್ದನ್ನು ನಾನು ಕಂಡಿದ್ದೇನೆ. ಒಂದು ಬೀಗದ ಕೈ ಎದುರು ಮನೆಯಲ್ಲಿರಲಿ, ಗ್ರಿಲ್ಲಿನದೂ ಸೇರಿ.

ಬಾಗಿಲಿಗೆ ತೂಗುಹಾಕಿದ ಹಾಲಿನ ಚೀಲವನ್ನು ದಿನವೂ ಏಳರೊಳಗೆ ಒಳಗೆ ತೆಗೆದುಕೊಳ್ಳಿ. ಏಳೂವರೆಗೂ ಅದು ಅಲ್ಲೇ ನೇತಾಡುತ್ತಿದ್ದರೆ ಗಂಟೆ ಒತ್ತಿ, ತೆರೆಯದಿದ್ದರೆ ಬೀಗ ತೆಗೆದು ಒಳಗೆ ಬರಲು ಎದುರು ಮನೆಯವರಿಗೆ ಹೇಳಿಡಿ. ಪೇಪರಿನ ಹುಡುಗನಿಗೂ ಹೇಳಿಡಿ, ಅವನು ಎಲ್ಲರಿಗಿಂತ ಮೊದಲು ಬರುತ್ತಾನೆ.